ಚಿಮಣಿ ಹೊಗೆಗೆ ಪಾಚಿ: ಭೋಸರಿ ತಾರಸಿಯಲ್ಲಿ ಕಟ್ಟಿದ್ದು, ಕೆಟ್ಟದ್ದು, ರಿಪೇರಿ ಮಾಡಿದ್ದು

ನಮ್ಮ ಬಾಯ್ಲರ್ ದೊಡ್ಡದೇನಲ್ಲ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಪೌಡರ್ ಕೋಟಿಂಗ್ ಘಟಕವೊಂದರಲ್ಲಿ, ಬಣ್ಣಕ್ಕೆ ಮುಂಚೆ ಲೋಹದ ಬಿಡಿಭಾಗ ತೊಳೆಯುವ ತೊಟ್ಟಿಗಳಿಗೆ ನೀರು ಕಾಯಿಸಿ ಕೊಡುವ ಹಾಟ್ ವಾಟರ್ ಜನರೇಟರ್ ಅದು. ಉರಿಯುವುದು ಪೈಪ್ ಗ್ಯಾಸಿನಿಂದ. ಎರಡು ಪಾಳಿ ಸೇರಿ ದಿನಕ್ಕೆ ಸುಮಾರು 80 ಘನ ಮೀಟರ್ ಗ್ಯಾಸ್ ಸುಡುತ್ತದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಸುಟ್ಟರೆ ಹತ್ತಿರ ಹತ್ತಿರ 1.9 ಕಿಲೊ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ ದಿನಕ್ಕೆ 150 ಕಿಲೊ ಆಯಿತು. ಈ ಚಿಮಣಿಯಿಂದ ಒಂದು ಎಳೆ ಹೊಗೆ ತೆಗೆದು ತಾರಸಿಯ ಮೇಲೆ ಪಾಚಿ ಬೆಳೆಸಿದ ಕೆಲಸದ ವಿವರ ಇಲ್ಲಿದೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆಗಲಿ ಅಂತ ಕೆಟ್ಟುಹೋದ ಭಾಗಗಳನ್ನು ತುಸು ಹೆಚ್ಚೇ ವಿವರಿಸಿದ್ದೇನೆ.

ಮೊದಲು ಲೆಕ್ಕ, ಆಮೇಲೆ ಪೈಪು. ಒಣಗಿದ ಪಾಚಿಯ ತೂಕದಲ್ಲಿ ಅರ್ಧದಷ್ಟು ಇಂಗಾಲ ಇರುತ್ತದೆ. ಆದ್ದರಿಂದ ಒಂದು ಕಿಲೊ ಒಣ ಪಾಚಿ ಬೆಳೆಯಬೇಕಾದರೆ ಅದು ಸುಮಾರು 1.8 ಕಿಲೊ ಕಾರ್ಬನ್ ಡೈಆಕ್ಸೈಡ್ ಹೀರಿರಬೇಕು. ಚೆನ್ನಾಗಿ ನಡೆಯುವ ಪಾಚಿ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಬೆಳೆ ಬಂದರೆ ಒಳ್ಳೆಯ ಇಳುವರಿ ಅನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಪುಟ್ಟ ಬಾಯ್ಲರಿನ ಹೊಗೆ ಪೂರ್ತಿ ಹಿಡಿಯಲು ಹೆಚ್ಚುಕಡಿಮೆ ಒಂದು ಎಕರೆ ಕೊಳ ಬೇಕು. ಭೋಸರಿಯಲ್ಲಿ ಎಕರೆ ಎಲ್ಲಿಂದ ತರೋದು? ನಮಗಿದ್ದದ್ದು ಒಂದು ತಾರಸಿಯ ದಕ್ಷಿಣದ ಅಂಚು. ಹೊಗೆಗೆ ಬರ ಇಲ್ಲ, ಬೆಳಕು ಬೀಳುವ ಜಾಗಕ್ಕೆ ಬರ. ಮುಂದೆ ಮಾಡಿದ ಒಂದೊಂದು ಬದಲಾವಣೆಯೂ ಈ ಲೆಕ್ಕದಿಂದಲೇ ಹುಟ್ಟಿತು.

ವಿಚಾರ ಹೊಸದೇನೂ ಅಲ್ಲ. 1951ರಲ್ಲೇ ಅಮೆರಿಕದ ಕೇಂಬ್ರಿಜ್ ಊರಿನ ಕಟ್ಟಡವೊಂದರ ಮಾಡಿನ ಮೇಲೆ ತೆಳು ಪ್ಲಾಸ್ಟಿಕ್ ಕೊಳವೆಗಳಲ್ಲಿ ಕ್ಲೋರೆಲ್ಲಾ ಎಂಬ ಸೂಕ್ಷ್ಮ ಹಸಿರು ಪಾಚಿ ಬೆಳೆಸಿ ನೋಡಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ 1970ರ ದಶಕದಿಂದ ಪಾಚಿ ಬೆಳೆಸುವ ಕೆಲಸ ಮಾಡಿದೆ. ಅದೇ ಕೇಂಬ್ರಿಜ್ಜಿನ ಎಂಐಟಿ ವಿಶ್ವವಿದ್ಯಾಲಯದ ವಿದ್ಯುತ್ ಘಟಕದ ಹೊಗೆಯಲ್ಲಿ ಪಾಚಿ ಬೆಳೆಸಿ ಹೆಸರು ಮಾಡಿದ್ದ ಗ್ರೀನ್‌ಫ್ಯೂಯೆಲ್ ಕಂಪನಿ 2009ರಲ್ಲಿ ಬಾಗಿಲು ಹಾಕಿತು. ಇಷ್ಟೆಲ್ಲ ಗೊತ್ತಿದ್ದೂ ಕಟ್ಟಿದೆವು. ನಮ್ಮದೇ ಚಿಮಣಿಯಲ್ಲಿ ಒಂದು ಗ್ರಾಂ ಹಿಡಿಯಲು ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ಕೈಕೆಲಸ ಬೀಳುತ್ತದೆ ಅನ್ನುವುದು ಅಳೆದೇ ತಿಳಿಯಬೇಕು ಅಂತ ನನಗೆ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಗ್ಯಾಸ್ ಲೈನ್

ಚಿಮಣಿಗೆ ತೂತು ಕೊರೆಯಬೇಕಾಗಿ ಬರಲಿಲ್ಲ. ಹೊಗೆ ತಪಾಸಣೆಗೆಂದು ಬಿಟ್ಟ ಸ್ಯಾಂಪ್ಲಿಂಗ್ ಪೋರ್ಟ್ ಇದ್ದೇ ಇತ್ತು. ಬರ್ನರ್ ಟ್ಯೂನ್ ಮಾಡಲು ಬರುವವರ ಗ್ಯಾಸ್ ಅನಲೈಸರ್ ಇಟ್ಟು ನೋಡಿದರೆ ಆಮ್ಲಜನಕ 4.5%, ಕಾರ್ಬನ್ ಡೈಆಕ್ಸೈಡ್ 9.2%. ಕಲ್ಲಿದ್ದಲ ಬಾಯ್ಲರಿನಲ್ಲಿ ಇದು 12ರಿಂದ 15% ಇರುತ್ತದೆ, ಆದರೆ ಜೊತೆಗೆ ಹಾರುಬೂದಿಯೂ ಗಂಧಕದ ಡೈಆಕ್ಸೈಡೂ ಬರುತ್ತವೆ. ಗಂಧಕದ ಹೊಗೆ ನೀರಿಗಿಳಿದರೆ ಆಮ್ಲವಾಗಿ ಪಾಚಿಯನ್ನು ಕೊಲ್ಲುತ್ತದೆ. ಪೈಪ್ ಗ್ಯಾಸಿನಲ್ಲಿ ಆ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಬೆಳಗಾವಿ, ಕೊಲ್ಹಾಪುರದ ಕಡೆ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಪುಣ್ಯ ದೊಡ್ಡದು: ಹುದುಗು ತೊಟ್ಟಿಯಿಂದ ಏಳುವುದು ಬಹುಪಾಲು ಶುದ್ಧ ಕಾರ್ಬನ್ ಡೈಆಕ್ಸೈಡ್.

ಪೋರ್ಟಿನಿಂದ ಅರ್ಧ ಇಂಚಿನ 316 ಸ್ಟೇನ್‌ಲೆಸ್ ಟ್ಯೂಬ್ ಎಳೆದೆವು. ತಾಮ್ರದ ಟ್ಯೂಬ್ ಬಗ್ಗಿಸಲು ಸಲೀಸು, ಫ್ರಿಜ್ ರಿಪೇರಿಯವರ ಹತ್ತಿರ ಎಷ್ಟು ಬೇಕಾದರೂ ಸಿಗುತ್ತದೆ, ಆದರೂ ಬೇಡ. ಹೊಗೆ ತಣ್ಣಗಾದಾಗ ಇಳಿಯುವ ನೀರು ಹುಳಿಯಾಗಿರುತ್ತದೆ. ನಮ್ಮಲ್ಲಿ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ; 7 ತಟಸ್ಥ, ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ) 4ರ ಆಸುಪಾಸು. ಆ ನೀರು ತಾಮ್ರವನ್ನು ತಿನ್ನುತ್ತದೆ, ತಾಮ್ರ ಪಾಚಿಗೆ ವಿಷ. ಕೆರೆಯಲ್ಲಿ ಪಾಚಿ ಕೊಲ್ಲಲು ಮೈಲುತುತ್ತ ಹಾಕುವುದು ಇದೇ ಕಾರಣಕ್ಕೆ. ಹಿತ್ತಾಳೆಯ ಬಾಲ್ ವಾಲ್ವಿನಲ್ಲೂ ತಾಮ್ರ ಇರುವುದರಿಂದ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಹುಡುಕಿ ಸ್ಟೇನ್‌ಲೆಸ್ ಮತ್ತು ಪಿವಿಸಿ ವಾಲ್ವುಗಳನ್ನೇ ತಂದೆವು. ಪಿವಿಸಿಯನ್ನು ಹೊಗೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಹಾಕಬೇಕು, 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಿಮಣಿ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರಬಹುದು, ಆಮ್ಲಜನಕವಂತೂ ಕಡಿಮೆ. ಈ ಲೈನನ್ನು ಮುಚ್ಚಿದ ಕೋಣೆಯೊಳಗೆ ಒಯ್ಯಲೇಬೇಡಿ. ನಮ್ಮದು ಚಿಮಣಿಯಿಂದ ಹೊರಗೋಡೆ ಹಿಡಿದು ನೇರ ತಾರಸಿಗೆ ಹೋಗುತ್ತದೆ. ಪಂಪಿನ ಪಕ್ಕ ಮೊನಾಕ್ಸೈಡ್ ಅಲಾರಾಂ ಇದೆ. ಬಾಯ್ಲರ್ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಆ ವಾಲ್ವನ್ನು ಯಾರೂ ತಿರುಗಿಸುವಂತಿಲ್ಲ.

ಟ್ಯೂಬನ್ನು ಸುರುಳಿ ಸುತ್ತಿ ನೀರಿನ ಬ್ಯಾರಲ್ಲಿನಲ್ಲಿ ಮುಳುಗಿಸಿದರೆ ಗ್ಯಾಸ್ ತಣ್ಣಗಾಗುತ್ತದೆ. ಒಂದು ಘನ ಮೀಟರ್ ಗ್ಯಾಸ್ ಉರಿದಾಗ ಒಂದೂವರೆ ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ. ನಾವು ಎಳೆಯುವ ಸಣ್ಣ ಎಳೆಯಲ್ಲೇ ಗಂಟೆಗೆ ಅರ್ಧ ಲೋಟ ನೀರು ಇಳಿಯುತ್ತದೆ. ಅದನ್ನು ಹಿಡಿಯಲು ಸುರುಳಿಯ ಕೆಳಗೆ ಒಂದು ಬಾಟಲಿ, ಅದರ ತಳಕ್ಕೆ ಡ್ರೇನ್ ವಾಲ್ವ್. ಯು ಆಕಾರದ ನೀರಿನ ಸೀಲ್ ಹಾಕೋಣ ಅಂತ ಪ್ಲಂಬರ್ ಹೇಳಿದ್ದರು. ಆದರೆ ಇದು ಪಂಪ್ ಎಳೆಯುವ ಬದಿ. ಸೀಲಿನ ನೀರನ್ನು ಪಂಪೇ ಎಳೆದುಕೊಂಡು ಗಾಳಿ ಒಳನುಗ್ಗುತ್ತದೆ. ಹಾಗಾಗಿ ಬಾಟಲಿಯೇ ಸರಿ.

ಮೊದಲ ರಿಪೇರಿ ಬಂದದ್ದೂ ಆ ಬಾಟಲಿಯಲ್ಲೇ. ಪಾಚಿಯ ಬೆಳವಣಿಗೆ ಕುಗ್ಗಿತು. ಪಂಪಿನ ಬಾಯಿಯಲ್ಲಿ ಅಳೆದರೆ ಕಾರ್ಬನ್ ಡೈಆಕ್ಸೈಡ್ 9ರಿಂದ 6ಕ್ಕೆ ಇಳಿದು, ಆಮ್ಲಜನಕ 10ಕ್ಕೆ ಏರಿತ್ತು. ಎಲ್ಲೋ ಗಾಳಿ ಬೆರೆಯುತ್ತಿದೆ ಅಂತ ಈ ಎರಡು ಅಂಕಿಗಳೇ ಹೇಳುತ್ತವೆ. ಸಾಮಾನ್ಯವಾಗಿ ಸೋರಿಕೆ ಹುಡುಕಲು ಸೋಪಿನ ನೀರು ಹಚ್ಚುತ್ತೇವೆ, ಆದರೆ ಎಳೆಯುವ ಬದಿಯಲ್ಲಿ ಗುಳ್ಳೆ ಏಳುವುದಿಲ್ಲ, ಸೋಪು ಒಳಗೆ ಹೋಗುತ್ತದೆ ಅಷ್ಟೆ. ಆದ್ದರಿಂದ ಅನಲೈಸರಿನ ಕಡ್ಡಿ ಹಿಡಿದು ಚಿಮಣಿಯಿಂದ ಶುರುಮಾಡಿ ಒಂದೊಂದು ಜೋಡಣೆ ದಾಟುತ್ತ ಬಂದೆ. ಪೋರ್ಟಿನಲ್ಲಿ ಆಮ್ಲಜನಕ 4.5. ಸುರುಳಿಯ ನಂತರವೂ 4.5. ಬಾಟಲಿ ದಾಟಿದ ಮೇಲೆ 10. ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಒಂದು ಬದಿ ಗಟ್ಟಿಯಾಗಿ, ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ಹುಳಿ ನೀರಿನ ಹಬೆ ಅದಕ್ಕೆ ಒಗ್ಗಿರಲಿಲ್ಲ. ಸಿಲಿಕೋನ್ ವಾಷರ್ ಹಾಕಿದ ಮೇಲೆ ಅಂಕಿ ಮೊದಲಿನ ಜಾಗಕ್ಕೆ ಬಂತು.

ಚೀಲಗಳು, ಬೆಳಕು

ಅಕ್ರಿಲಿಕ್ ಕೊಳವೆ ನೋಡಲು ಚೆಂದ, ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ನಾವು ಬಳಸಿದ್ದು ಉದ್ದಕ್ಕೆ ಕೊಳವೆಯಂತೆ ಬರುವ ಪಾರದರ್ಶಕ ಪಾಲಿಥೀನ್ ರೋಲ್. ಬೇಕಾದಷ್ಟು ಕತ್ತರಿಸಿ ತಳಕ್ಕೆ ಸೀಲಿಂಗ್ ಮಷಿನ್ನಿನಿಂದ ಎರಡು ಸಾಲು ಸೀಲ್ ಹಾಕಿ, ವೆಲ್ಡ್ ಮೆಶ್ ಬುಟ್ಟಿಯೊಳಗೆ ನೇತುಹಾಕಿದರೆ ಚೀಲ ತಯಾರು. ಮೊದಲ ಕಂತಿನಲ್ಲಿ 30 ಸೆಂಟಿಮೀಟರ್ ಅಗಲದ ರೋಲ್ ಕೈಗೆ ಸಿಕ್ಕಿತ್ತು. ನೀರು ತುಂಬಿದರೆ ಅದು 19 ಸೆಂಟಿಮೀಟರ್ ವ್ಯಾಸದ ಕಂಬವಾಗುತ್ತದೆ, ಒಂದೂವರೆ ಮೀಟರ್ ಎತ್ತರಕ್ಕೆ 43 ಲೀಟರ್. ಅಂಥವು ನಾಲ್ಕು.

ಒಂದು ಕಡ್ಡಿಯ ತುದಿಗೆ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ ನೀರಿಗಿಳಿಸಿ ನೋಡಿ. ಪಾಚಿ ಚೆನ್ನಾಗಿ ಬೆಳೆದಾಗ ಬಿಲ್ಲೆ ಮೂರು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕಣ್ಣಿಗೆ ಕಾಣದಾಗುತ್ತದೆ. 19 ಸೆಂಟಿಮೀಟರ್ ದಪ್ಪದ ಚೀಲದಲ್ಲಿ ಬೆಳಕು ಸಿಗುವುದು ಹೊರ ಪದರಕ್ಕೆ ಮಾತ್ರ, ನಡುವಿನ ಪಾಚಿ ಕತ್ತಲಲ್ಲಿ ಉಸಿರಾಡುತ್ತ ಕೂರುತ್ತದೆ. ಕತ್ತಲಲ್ಲಿ ಉಸಿರಾಡುವುದೆಂದರೆ ಹಿಡಿದದ್ದನ್ನು ವಾಪಸ್ ಬಿಡುವುದು. ಎರಡನೇ ಕಂತಿನಲ್ಲಿ 20 ಸೆಂಟಿಮೀಟರ್ ರೋಲ್ ತಂದು, 13 ಸೆಂಟಿಮೀಟರಿಗೂ ಕಡಿಮೆ ವ್ಯಾಸದ, ತಲಾ 19 ಲೀಟರಿನ ಎಂಟು ಚೀಲ ಮಾಡಿದೆವು. ಒಟ್ಟು ನೀರು 172 ಲೀಟರಿನಿಂದ 152ಕ್ಕೆ ಇಳಿಯಿತು. ಆದರೆ ಒಣ ಪಾಚಿಯ ಇಳುವರಿ ದಿನಕ್ಕೆ ಸುಮಾರು 35 ಗ್ರಾಂ ಇದ್ದದ್ದು 50 ಗ್ರಾಂ ದಾಟಿತು. ನಡುವೆ ಪಾಚಿಯ ಜಾತಿಯೂ ಬದಲಾಯಿತು, ಆದ್ದರಿಂದ ಹೆಚ್ಚಳ ಪೂರ್ತಿ ಚೀಲದ್ದೇ ಅಂತ ಹೇಳಲಾರೆ. ಅದರ ಕಥೆ ಮುಂದಿದೆ.

ಚೀಲದ ಸೀಲ್ ಒಡೆಯುವುದು ಒಂದು ಮಾಮೂಲಿ ಕಾಟ. ಒಡೆಯುವುದು ಯಾವಾಗಲೂ ಮೂಲೆಯಲ್ಲೇ. ಸೀಲನ್ನು ನೇರ ಗೆರೆಯಾಗಿ ಹಾಕದೆ ಎರಡೂ ಮೂಲೆಯನ್ನು ಓರೆಯಾಗಿ ಸೀಲ್ ಮಾಡಿದರೆ ಭಾರ ಒಂದೇ ಕಡೆ ಬೀಳುವುದಿಲ್ಲ. ಹಾಗೆ ಮಾಡಿದರೆ ತಳದಲ್ಲಿ ಪಾಚಿ ಗಸಿಯಾಗಿ ಕೂರುವ ಮೂಲೆಯೂ ಇರುವುದಿಲ್ಲ, ಗಾಳಿಯ ಗುಳ್ಳೆ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ.

ಕ್ಲೋರೆಲ್ಲಾ ಸೋತದ್ದು

ಶುರುವಿನಲ್ಲಿ ಬೆಳೆಸಿದ್ದು ಕ್ಲೋರೆಲ್ಲಾ. ಪುಣೆಯಲ್ಲಿ ಇರುವುದರ ಒಂದು ಅನುಕೂಲ ಅಂದರೆ ಪಾಷಾಣ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲೇ (ಎನ್‌ಸಿಎಲ್) ಎನ್‌ಸಿಐಎಂ ಇದೆ. ಉದ್ಯಮಕ್ಕೆ ಬೇಕಾದ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹಾಲಯ ಅದು. ಗುರುತಿರುವ, ಶುದ್ಧವಾದ ತಳಿ ಅಂಥ ಕಡೆಯಿಂದಲೇ ತರಬೇಕು. ಕೆರೆ ನೀರು ತಂದು ಬೆಳೆಸಿದರೆ ಏನು ಬೆಳೆಯುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಒಂದು ಪಾಲು ಚಿಮಣಿ ಗ್ಯಾಸಿಗೆ ಐದು ಪಾಲು ಗಾಳಿ ಬೆರೆಸಿ ಚೀಲದ ತಳದಿಂದ ಗುಳ್ಳೆ ಬಿಟ್ಟೆವು. ಕ್ಲೋರೆಲ್ಲಾ ಹಸಿರುಗಟ್ಟಿತು, ಹಿಗ್ಗೂ ಆಯಿತು. ಆದರೆ ಗುಳ್ಳೆ ತಳದಿಂದ ಮೇಲೆ ಬರಲು ತೆಗೆದುಕೊಳ್ಳುವುದು ಆರೇಳು ಸೆಕೆಂಡು. ಅಷ್ಟರಲ್ಲಿ ಕರಗಿದಷ್ಟು ಕರಗಿತು, ಉಳಿದದ್ದು ಆಕಾಶಕ್ಕೆ. ಎಂಟು ಗಂಟೆಯಲ್ಲಿ ಚೀಲಗಳಿಗೆ ಹೊಕ್ಕ ಕಾರ್ಬನ್ ಡೈಆಕ್ಸೈಡ್ 400 ಗ್ರಾಂ, ಪಾಚಿಯಲ್ಲಿ ನಿಂತದ್ದು 60 ಗ್ರಾಂ ಚಿಲ್ಲರೆ. ಕ್ಲೋರೆಲ್ಲಾಗೆ ಬೇಕಾದ ತಟಸ್ಥ ಪಿಎಚ್‌ನಲ್ಲಿ ನೀರು ಹೆಚ್ಚು ಹಿಡಿದಿಟ್ಟುಕೊಳ್ಳಲಾರದು. ನಮ್ಮ ಹೊಗೆಯನ್ನು ಬೆರಕೆಯಿಲ್ಲದೆ ಬಿಟ್ಟರೂ ಒಂದು ಲೀಟರ್ ಸಾದಾ ನೀರಿನಲ್ಲಿ ಕರಗುವುದು ಗ್ರಾಮಿನ ಎಂಟನೇ ಒಂದು ಪಾಲು.

ಆಮೇಲೆ ಒಂದು ದಿನ ಚೀಲದ ಬಣ್ಣ ಎಲೆ ಹಸಿರಿನಿಂದ ಹಳದಿಗೆ ತಿರುಗಿತು, ಮೇಲೆ ಕಂದು ನೊರೆ. ಗೊಬ್ಬರ ಕಡಿಮೆಯಾಗಿರಬೇಕು ಅಂತ ಎಲ್ಲರೂ ಅಂದರು. ಮೈಕ್ರೋಬಯಾಲಜಿ ಓದುತ್ತಿರುವ ನನ್ನ ತಂಗಿಯ ಮಗಳು ಒಂದು ಹನಿ ತೆಗೆದುಕೊಂಡು ಹೋಗಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿ ಫೋನ್ ಮಾಡಿದಳು: "ಮಾಮಾ, ಇದರಾಗ ರೋಟಿಫರ್ ಹೊಕ್ಕಾವ ನೋಡ್ರಿ. ಬಾಯಿ ಸುತ್ತ ಕೂದಲ ಗಿರಗಿರ ತಿರುಗಸ್ತಾವ, ಹೊಟ್ಟಿ ತುಂಬ ನಿಮ್ಮ ಪಾಚಿನೇ ಐತಿ." ಅವಳು ಕಳಿಸಿದ ವಿಡಿಯೊದಲ್ಲಿ ಆ ಪುಟ್ಟ ನೀರುಜೀವಿಯ ಗಾಜಿನಂಥ ಮೈಯೊಳಗಿನ ಹಸಿರು ಹೊಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ತೆರೆದ ತಾರಸಿಯಲ್ಲಿ ಸಿಹಿನೀರಿನ ಪಾಚಿ ಬೆಳೆಸಿದರೆ ಅದನ್ನು ಮೇಯುವ ಜೀವಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಚೀಲಗಳನ್ನು ಖಾಲಿ ಮಾಡಿ ತೊಳೆದೆವು.

ರಾತ್ರಿ ಪಾಳಿಯ ಹೊಗೆ

ನಮ್ಮ ಬಾಯ್ಲರ್ ನೋಡಿಕೊಳ್ಳುವವರು ಇಂಡಿ ತಾಲ್ಲೂಕಿನವರು, ಘಟಕದಲ್ಲಿ ಎಲ್ಲರಿಗೂ ಕಾಕಾ. ಖಾಲಿ ಚೀಲ ತೊಳೆಯಲು ಕೈಜೋಡಿಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ರೀ ಸರ, ಹಗಲಿ ಹೊಗಿ ಪಾಚಿ ಕುಡೀತು ಅನ್ರಿ. ರಾತ್ರಿ ಪಾಳಿ ಹೊಗಿ ಯಾರ ಕುಡೀತಾರ್ರಿ?"

ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಇಡೀ ವಿನ್ಯಾಸ ಬದಲಾಯಿತು. ಬಾಯ್ಲರ್ ಉರಿಯುವ ಹೊತ್ತೇ ಬೇರೆ, ಸೂರ್ಯ ಇರುವ ಹೊತ್ತೇ ಬೇರೆ. ಎರಡನ್ನೂ ನೇರ ಪೈಪಿನಿಂದ ಜೋಡಿಸಿದರೆ ಅರ್ಧ ಹೊತ್ತು ಒಂದಕ್ಕೊಂದು ಸಿಗುವುದೇ ಇಲ್ಲ. ನಲ್ಲಿ ನೀರು ಬರುವ ಹೊತ್ತಿಗೆ ಟ್ಯಾಂಕ್ ತುಂಬಿಸಿಕೊಂಡು ದಿನವಿಡೀ ಬಳಸುವಂತೆ, ಹೊಗೆಗೂ ಒಂದು ಟ್ಯಾಂಕ್ ಬೇಕು. ಆ ಟ್ಯಾಂಕ್ ಸೋಡಾ ನೀರಿನದು.

ವಾಷಿಂಗ್ ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ಅದರ ನೀರಿಗೆ ಕಾರ್ಬನ್ ಡೈಆಕ್ಸೈಡ್ ಸೇರಿದರೆ ಅಡುಗೆ ಸೋಡಾ, ಅಂದರೆ ಬೈಕಾರ್ಬೊನೇಟ್ ಆಗುತ್ತದೆ. ಕ್ಲೋರೆಲ್ಲಾ ಬಿಟ್ಟು ನಾವು ಹಿಡಿದ ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿ ಬೆಳೆಯುವುದೇ ಇಂಥ ಕ್ಷಾರ ನೀರಿನಲ್ಲಿ. ಅದಕ್ಕೆ ರೂಢಿಯಲ್ಲಿರುವ ಜರೂಕ್ ಮಾಧ್ಯಮ ಎಂಬ ಪೋಷಕ ದ್ರಾವಣದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಇರುತ್ತದೆ. ಹಗಲಲ್ಲಿ ಸ್ಪಿರುಲಿನಾ ಬೈಕಾರ್ಬೊನೇಟಿನಿಂದ ಇಂಗಾಲ ಕಿತ್ತುಕೊಂಡು ನೀರನ್ನು ಮತ್ತೆ ಕಾರ್ಬೊನೇಟಿನ ಕಡೆಗೆ ತಳ್ಳುತ್ತದೆ, ಪಿಎಚ್ ಏರುತ್ತದೆ. ರಾತ್ರಿ ಅದೇ ನೀರಿಗೆ ಹೊಗೆ ಹಾಯಿಸಿದರೆ ಪಿಎಚ್ ಇಳಿಯುತ್ತದೆ, ಟ್ಯಾಂಕ್ ತುಂಬಿದಂತೆ. ಪಿಎಚ್ 10ರಿಂದ 9.3ಕ್ಕೆ ಇಳಿಯುವಷ್ಟರಲ್ಲಿ ಒಂದು ಲೀಟರ್ ಒಂದೂವರೆ ಗ್ರಾಮಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. ಸಾದಾ ನೀರಿನ ಹತ್ತು ಪಟ್ಟು! ಜೊತೆಗೆ ಆ ಕ್ಷಾರದಲ್ಲಿ ಕ್ಲೋರೆಲ್ಲಾವನ್ನು ಮೇಯ್ದ ಹುಳುಗಳಿಗೆ ಬದುಕು ಕಷ್ಟ. ಇನ್ನೊಂದು ಲಾಭ ಕೊಯ್ಲಿನದು. ಕ್ಲೋರೆಲ್ಲಾ ಕೆಲವೇ ಮೈಕ್ರಾನಿನ ಗುಂಡು, ಅದನ್ನು ಬೇರ್ಪಡಿಸಲು ಸೆಂಟ್ರಿಫ್ಯೂಜ್ ಬೇಕು. ಸ್ಪಿರುಲಿನಾ ಸುರುಳಿ ಎಳೆ, ಬಟ್ಟೆಯಲ್ಲಿ ಸೋಸಿದರೆ ನಿಲ್ಲುತ್ತದೆ.

ಹೀರುವ ಕಂಬಕ್ಕೆ ನಾಲ್ಕು ಇಂಚಿನ ಪಿವಿಸಿ ಪೈಪ್, ಎರಡು ಮೀಟರ್ ಎತ್ತರ. ಒಳಗೆ ವೈರಿಂಗ್ ಪೈಪನ್ನು ಬೆರಳಗಲ ತುಂಡು ಮಾಡಿ ಸುರಿದು ತುಂಬಿದೆವು. ಮೇಲಿನಿಂದ ಸೋಡಾ ನೀರು ತುಂಡುಗಳ ಮೇಲೆ ತೆಳುವಾಗಿ ಹರಿಯುತ್ತದೆ, ಕೆಳಗಿನಿಂದ ತಣ್ಣಗಾದ ಹೊಗೆ ಏರುತ್ತದೆ. ಕಾರ್ಬೊನೇಟ್ ನೀರು ಕಾರ್ಬನ್ ಡೈಆಕ್ಸೈಡನ್ನು ಹೀರುವುದು ನಿಧಾನ, ಅದಕ್ಕೇ ಇಷ್ಟು ಮೈಹರವು ಬೇಕು. ನಿಮಿಷಕ್ಕೆ 10 ಲೀಟರ್ ಹೊಗೆ ಬಿಟ್ಟರೆ ಕಂಬದ ತಲೆಯಲ್ಲಿ 5% ಆಸುಪಾಸು ಉಳಿದಿರುತ್ತದೆ. ಅಂದರೆ ಹೊಕ್ಕದ್ದರಲ್ಲಿ ಹತ್ತಿರ ಹತ್ತಿರ ಅರ್ಧ ನೀರಿಗಿಳಿಯಿತು. ನೀರು ನಿಲ್ಲುವ 100 ಲೀಟರಿನ ಡ್ರಮ್ಮಿಗೆ ಮುಚ್ಚಳ ಬೇಕೇ ಬೇಕು. ಪಿಎಚ್ 10ರ ಸುತ್ತ ಈ ನೀರಿಗೂ ಹೊರಗಿನ ಗಾಳಿಗೂ ಲೆಕ್ಕ ಸಮ. ಅದಕ್ಕಿಂತ ಕೆಳಗಿಳಿದ ನೀರನ್ನು ತೆರೆದಿಟ್ಟರೆ ಹಿಡಿದದ್ದು ಮೆಲ್ಲಗೆ ಹಾರಿಹೋಗುತ್ತದೆ.

ಬೆಳಿಗ್ಗೆ ಡ್ರಮ್ಮಿನ ನೀರು ಹನಿ ನೀರಾವರಿಯ ಡ್ರಿಪ್ಪರುಗಳ ಮೂಲಕ ಎಂಟೂ ಚೀಲಕ್ಕೆ ನಿಧಾನವಾಗಿ ಇಳಿಯುತ್ತದೆ. ಚೀಲದಿಂದ ಉಕ್ಕಿದ್ದು ಬದಿಯ ನಳಿಕೆಯಿಂದ ಸೋಸುವ ಬಟ್ಟೆಗೆ, ಸೋಸಿದ ನೀರು ವಾಪಸ್ ಡ್ರಮ್ಮಿಗೆ. ಬಟ್ಟೆ ಅಂದರೆ ಸ್ಕ್ರೀನ್ ಪ್ರಿಂಟಿಂಗಿನವರು ಚೌಕಟ್ಟಿಗೆ ಬಿಗಿಯುವ ಮೆಶ್, ಕಣ್ಣು ಸುಮಾರು 50 ಮೈಕ್ರಾನ್. ಈ ಒಂದು ಸುತ್ತಿನಲ್ಲಿ ಉಣಿಸುವುದೂ ಕೊಯ್ಯುವುದೂ ಒಟ್ಟಿಗೇ ಆಗುತ್ತವೆ. ಇಡೀ ಕಟ್ಟಣೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಕಾಟ ಕೊಟ್ಟದ್ದು ಬಿಳಿ ಗಚ್ಚು. ಪುಣೆಯ ಬೋರ್ ನೀರು ಗಡಸು. ಕ್ಷಾರದಲ್ಲಿ ಅದರ ಸುಣ್ಣದಂಶ ಕೂತು ಡ್ರಿಪ್ಪರ್ ಬಾಯಿ ಕಟ್ಟುತ್ತದೆ, ಕಂಬದ ತುಂಡುಗಳ ಮೇಲೆ ಪದರ ಕಟ್ಟುತ್ತದೆ, ಪಾಚಿಗೆ ಬೇಕಾದ ಫಾಸ್ಫೇಟನ್ನೂ ಕಟ್ಟಿಕೊಂಡು ತಳ ಸೇರುತ್ತದೆ. ಕಂಬಕ್ಕೆ ನಿಂಬೆ ಉಪ್ಪಿನ ನೀರು ಸುತ್ತಿಸಿ ತೊಳೆದರೆ ನೊರೆಯೆದ್ದು ಬಿಡುತ್ತದೆ. ಆ ನೊರೆಯೂ ಕಾರ್ಬನ್ ಡೈಆಕ್ಸೈಡೇ, ಅದನ್ನು ನಷ್ಟದ ಲೆಕ್ಕಕ್ಕೆ ಬರೆಯುತ್ತೇವೆ. ಈಗ ಆರ್‌ಒ ನೀರು, ಮಳೆಗಾಲದಲ್ಲಿ ತಾರಸಿಯ ಮಳೆನೀರು. ಪಿಎಚ್ ಮೀಟರ್ ಬಗ್ಗೆಯೂ ಒಂದು ಮಾತು: 4 ಮತ್ತು 7ರ ಬಫರಿನಲ್ಲಿ ಹೊಂದಿಸಿದ ಮೀಟರ್ 10ರ ಹತ್ತಿರ ನಂಬಿಕೆಗೆ ಅರ್ಹವಲ್ಲ. 7 ಮತ್ತು 10ರಲ್ಲಿ ಹೊಂದಿಸಿ. ಇಲ್ಲಿ 0.2ರ ವ್ಯತ್ಯಾಸವೂ ದೊಡ್ಡದು.

ಕರೆಂಟಿನ ಲೆಕ್ಕ

ಯಾರಾದರೂ ನಿಮಗೆ ಹೊಗೆ ತಿನ್ನುವ ಪಾಚಿ ಯಂತ್ರ ತೋರಿಸಿದರೆ ಮೊದಲು ಕೇಳಬೇಕಾದದ್ದು ಅದರ ಪಂಪಿನ ವಾಟೇಜ್. 40 ವಾಟಿನ ಗಾಳಿ ಪಂಪ್ ಇಪ್ಪತ್ನಾಲ್ಕು ಗಂಟೆ ಓಡಿದರೆ ಒಂದು ಯೂನಿಟ್ ಕರೆಂಟು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೊ ಕಾರ್ಬನ್ ಡೈಆಕ್ಸೈಡ್ ಎಲ್ಲೋ ಒಂದು ಕಲ್ಲಿದ್ದಲ ಚಿಮಣಿಯಿಂದ ಏಳುತ್ತದೆ. ಮೊದಲ ಕಂತಿನ ಚೀಲಗಳು ಹಿಡಿಯುತ್ತಿದ್ದದ್ದು 60 ಗ್ರಾಂ. ಹಿಡಿದದ್ದರ ಹತ್ತು ಪಟ್ಟಿಗೂ ಹೆಚ್ಚು ಪಂಪೇ ಬಿಟ್ಟಂತಾಯಿತು. ಈ ಅಂಕಿ ಬರೆಯದೆ ಪಾಚಿಯ ಹಸಿರನ್ನಷ್ಟೇ ತೋರಿಸುವುದು ಓದುವವರಿಗೆ ಮಾಡುವ ಮೋಸ.

ಅದಕ್ಕೇ ಎರಡನೇ ಕಂತಿನಲ್ಲಿ ಗ್ರಿಡ್ ಕರೆಂಟನ್ನು ಪೂರ್ತಿ ಕಿತ್ತುಹಾಕಿದೆವು. ಚೀಲಗಳ ಗಾಳಿಗೆ 12 ವೋಲ್ಟಿನ ಪಂಪ್, ನೇರ ಸೋಲಾರ್ ಪ್ಯಾನಲ್ಲಿನಿಂದ. ಬಿಸಿಲಿದ್ದಾಗ ಓಡುತ್ತದೆ, ಇಲ್ಲದಿದ್ದಾಗ ನಿಲ್ಲುತ್ತದೆ, ಪಾಚಿಗೂ ಗಾಳಿ ಬೇಕಾದದ್ದು ಹೆಚ್ಚಾಗಿ ಆಗಲೇ. ಇಂಗಾಲಕ್ಕಾಗಿ ಗುಳ್ಳೆ ಬೇಡವಾದರೂ ಆಮ್ಲಜನಕ ಹೊರಹಾಕಲು ಗುಳ್ಳೆ ಬೇಕು. ಬಿಸಿಲಲ್ಲಿ ಪಾಚಿ ಬಿಡುವ ಆಮ್ಲಜನಕ ನೀರಿನಲ್ಲೇ ಕಟ್ಟಿಕೊಂಡರೆ ಬೆಳವಣಿಗೆ ಕುಂಠಿತ. ರಾತ್ರಿ ಹೀರುವ ಕಂಬದ ಪಂಪುಗಳಿಗೆ ಹಗಲು ತುಂಬಿದ ಬ್ಯಾಟರಿ. ಎರಡು ಗಂಟೆ ಓಡಿದರೆ ಮಾರನೇ ದಿನಕ್ಕೆ ಸಾಕು. ತಪ್ಕೀರ್ ಗಲ್ಲಿಯಲ್ಲಿ ಕೊಂಡ ಒಂದು ಟೈಮರ್, ಪಿಎಚ್ 9.3ಕ್ಕೆ ಇಳಿದರೆ ಕಂಬ ನಿಲ್ಲಿಸುವ ಒಂದು ರಿಲೇ, ಇಷ್ಟೇ ಎಲೆಕ್ಟ್ರಾನಿಕ್ಸ್.

ಬೇಸಿಗೆಯ ಬಗ್ಗೆ ಚುಟುಕಾಗಿ: ಏಪ್ರಿಲ್‌ನಲ್ಲಿ ಚೀಲದ ನೀರು 40 ಡಿಗ್ರಿ ದಾಟಿ ಪಾಚಿ ಬಿಳಿಚಿಕೊಂಡಿತು. 50% ಶೇಡ್ ನೆಟ್ ಕಟ್ಟಿದ ಮೇಲೆ ಸುಧಾರಿಸಿತು. ಚಳಿಗಾಲದ ಬೆಳಗ್ಗೆ ನೀರು ತಣ್ಣಗಿದ್ದು ಬಿಸಿಲು ಮಾತ್ರ ಜೋರಾಗಿ ಬಿದ್ದಾಗಲೂ ಸ್ಪಿರುಲಿನಾಕ್ಕೆ ಪೆಟ್ಟು. ನೀರು ಬೆಚ್ಚಗಾಗುವವರೆಗೆ ನೆಟ್ ಬಿಚ್ಚುವುದಿಲ್ಲ. ಹೊಗೆ ತಣಿಸುವ ಬ್ಯಾರಲ್ಲಿನ ಬಿಸಿನೀರನ್ನು ಚೀಲಗಳ ಬುಡಕ್ಕೆ ಸುತ್ತಿಸಿದ್ದೇವೆ, ಡಿಸೆಂಬರಿನಲ್ಲಿ ಅದು ಒಳ್ಳೆಯ ಕೆಲಸ ಮಾಡಿತು.

ಕೊಯ್ದದ್ದು ಎಲ್ಲಿ ಹೋಗುತ್ತದೆ

ಈಗ ದಿನಕ್ಕೆ 50 ಗ್ರಾಂ ಮೇಲ್ಪಟ್ಟು ಒಣ ಸ್ಪಿರುಲಿನಾ, ಅಂದರೆ ಸುಮಾರು 95 ಗ್ರಾಂ ಕಾರ್ಬನ್ ಡೈಆಕ್ಸೈಡ್. ಬಾಯ್ಲರ್ ಬಿಡುವುದರಲ್ಲಿ ಇದು ಸಾವಿರದ ಐದುನೂರನೇ ಒಂದು ಪಾಲು. ತಿನ್ನಬಹುದಾ ಅಂತ ತಾರಸಿಗೆ ಬಂದವರೆಲ್ಲ ಕೇಳುತ್ತಾರೆ. ಚಿಮಣಿಯ ಹೊಗೆ, ಪ್ರಯೋಗದ ಪೈಪು, ಗೊಬ್ಬರದಂಗಡಿಯ ಲವಣ ಸೇರಿ ಬೆಳೆದದ್ದನ್ನು ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಬಾಯಿಗೆ ಹಾಕಬಾರದು. ದನಕ್ಕೂ ಕೊಡಬಾರದು. ಇದರಲ್ಲಿ ನನ್ನದು ರಾಜಿ ಇಲ್ಲದ ನಿಲುವು.

ಸದ್ಯ ಅದು ಘಟಕದ ಕಾಂಪೌಂಡಿನ ಗಿಡಗಳಿಗೆ ಗೊಬ್ಬರ. ಸ್ಪಿರುಲಿನಾದಲ್ಲಿ ಪ್ರೋಟೀನ್ ಅರ್ಧಕ್ಕಿಂತ ಹೆಚ್ಚು ಇರುವುದರಿಂದ ಒಣ ತೂಕದಲ್ಲಿ ಹತ್ತಿರ ಹತ್ತಿರ 10% ಸಾರಜನಕ. ಆದರೆ ಆ ಸಾರಜನಕ ನಾವೇ ನೈಟ್ರೇಟ್ ರೂಪದಲ್ಲಿ ಹಾಕಿದ್ದು. ನೈಟ್ರೇಟ್ ತಯಾರಿಸುವ ಕಾರ್ಖಾನೆಗೂ ಚಿಮಣಿ ಇದೆ. ಮಣ್ಣಿಗೆ ಸೇರಿದ ಪಾಚಿ ಕೊಳೆತಾಗ ಇಂಗಾಲದ ಹೆಚ್ಚಿನ ಪಾಲು ಗಾಳಿಗೆ ಮರಳುತ್ತದೆ. ಆದ್ದರಿಂದ ಈ 95 ಗ್ರಾಂ ಅನ್ನು ನಾನು "ಹಿಡಿದದ್ದು" ಅಂತ ಬರೆಯುತ್ತೇನೆ, "ಕಡಿಮೆ ಮಾಡಿದ್ದು" ಅಂತ ಬರೆಯುವುದಿಲ್ಲ. ನೈಟ್ರೇಟ್ ಕೊಳ್ಳುವುದನ್ನು ಬಿಟ್ಟು, ಘಟಕದ ಕ್ಯಾಂಟೀನಿನ ಹಸಿ ಕಸದಿಂದ ಬರುವ ಬಯೋಗ್ಯಾಸ್ ಗಸಿಯ ತಿಳಿ ನೀರು ಹಾಕಿದರೆ ಲೆಕ್ಕ ಸ್ವಲ್ಪ ನೇರವಾಗುತ್ತದೆ. ಆ ತಿಳಿ ನೀರಿನಲ್ಲಿ ಸಾರಜನಕ ಅಮೋನಿಯಾ ರೂಪದಲ್ಲಿರುತ್ತದೆ, ಪಿಎಚ್ 10ರಲ್ಲಿ ಅಮೋನಿಯಾ ಸ್ಪಿರುಲಿನಾಕ್ಕೂ ವಿಷವಾಗಬಹುದು. ಹಾಗಾಗಿ ಒಂದೇ ಚೀಲಕ್ಕೆ, ತೀರ ತೆಳುವಾಗಿ ಬೆರೆಸಿ ಶುರುಮಾಡಿದ್ದೇವೆ.

ಮಳೆಗಾಲದಲ್ಲಿ ಇಳುವರಿ ಅರ್ಧಕ್ಕೆ ಇಳಿಯುತ್ತದೆ. ಡ್ರಮ್ ತುಂಬಿಯೇ ಇರುತ್ತದೆ, ಚೀಲಗಳು ಅದನ್ನು ಖಾಲಿ ಮಾಡಲಾರವು, ರಿಲೇ ಕಂಬವನ್ನು ನಿಲ್ಲಿಸುತ್ತದೆ. ಎಲ್‌ಇಡಿ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಕಲ್ಲಿದ್ದಲ ಕರೆಂಟಿನಿಂದ ಬೆಳಕು ಮಾಡಿ ಹೊಗೆ ಹಿಡಿಯುವುದಕ್ಕೆ ಅರ್ಥವಿಲ್ಲ, ಹಾಕುವುದಿಲ್ಲ. ಅದರ ಬದಲು ಚೀಲದ ವ್ಯಾಸ ಇನ್ನೂ ಇಳಿಸಿ, ಪಡುವಣ ಗೋಡೆಯಲ್ಲಿ ಎರಡನೇ ಸಾಲು ಕಟ್ಟುವ ತಯಾರಿ ನಡೆದಿದೆ. ಗೋಡೆಗೆ ಆ್ಯಂಗಲ್ ಕೂರಿಸಿ ಆಗಿದೆ, 15 ಸೆಂಟಿಮೀಟರ್ ರೋಲ್ ಬರಬೇಕು. ಕಂಬದ ತುಂಡುಗಳನ್ನು ಮತ್ತೊಮ್ಮೆ ನಿಂಬೆ ಉಪ್ಪಿನಲ್ಲಿ ತೊಳೆಯುವ ಕೆಲಸ ಕಾಕಾ ಈ ವಾರ ಹಿಡಿದಿದ್ದಾರೆ.